ಮಹಡಿ ಕೋಣೆ ಮತ್ತು ನಾಲ್ಕು ಟ್ರ್ಯಾಕು

ಆ ಮನೆಯಲ್ಲಿ ಯಾರೂ ಯಾರ ಮಾತನ್ನೂ ಪೂರ್ತಿ ನಂಬುತ್ತಿರಲಿಲ್ಲ. ಊಟ ಮಾತ್ರ ಒಟ್ಟಿಗೇ ಮಾಡುತ್ತಿದ್ದರು. ತಾನಿಲ್ಲದಾಗ ಮಿಕ್ಕವರು ಏನೇನು ಮಾತಾಡಿಕೊಳ್ಳುತ್ತಾರೋ ಎಂಬ ಅಳುಕು ಆರು ಜನಕ್ಕೂ ಇದ್ದುದರಿಂದ, ಜ್ವರ ಬಂದವರೂ ಕಂಬಳಿ ಹೊದ್ದುಕೊಂಡೇ ಬಂದು ಮೇಜಿನ ಮುಂದೆ ಕೂರುತ್ತಿದ್ದರು.

ಇದಕ್ಕೆಲ್ಲ ಮೂಲ ಮಹಡಿ ಕೋಣೆ. ಮನೆಯ ಯಜಮಾನರು ಆಯುಷ್ಯವೆಲ್ಲ ದೊಡ್ಡ ದರ್ಜಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸಿ ನಿವೃತ್ತರಾದವರು. ಬೀದಿಯವರ ಬಾಯಲ್ಲಿ ಅವರು ಕಟಿಂಗ್ ಮಾಸ್ತರು. ಕೈಯಿಂದ ಕತ್ತರಿ ಹೋದ ಮೇಲೆ ಅವರ ಹತ್ತಿರ ಉಳಿದದ್ದು ಆ ಕೋಣೆಯ ಬೀಗದ ಕೈ ಒಂದೇ. ಅದನ್ನು ಅಂಗಿಯ ಜೇಬಿನಲ್ಲಿಟ್ಟು, ಮಾತಾಡುವಾಗ ಆಗಾಗ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಕೋಣೆ ಅರಮನೆಯೇನಲ್ಲ. ಒಂದು ಕಿಟಕಿ, ಒಂದು ಗಟ್ಟಿ ಬಾಗಿಲು, ಹಳೆಯ ಕಟಿಂಗ್ ಮೇಜು, ಗೋಡೆಗೆ ನೇತುಹಾಕಿದ ರಟ್ಟಿನ ಅಳತೆಗಳು, ಅಷ್ಟೆ. ಆದರೆ ಬಾಗಿಲು ಹಾಕಿಕೊಂಡರೆ ಹೊರಗಿನ ಸದ್ದು ಒಳಗೆ ಬಾರದ ಜಾಗ ಆ ಮನೆಯಲ್ಲಿ ಅದೊಂದೇ ಇತ್ತು.

ಕೆಳಗೆ ಹಜಾರದ ಮಂಚದ ಮೇಲೆ ಮಾಸ್ತರು ಮಲಗುತ್ತಿದ್ದರು. ಅವರ ಹೆಂಡತಿ ಅದೇ ಹಜಾರದ ನೆಲದ ಮೇಲೆ ಹಾಸಿಗೆ ಬಿಡಿಸಿಕೊಂಡು, ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಸುತ್ತಿಡುತ್ತಿದ್ದರು. ಅವರ ಸ್ವಂತದ್ದು ಎನ್ನಲು ಮೆಟ್ಟಿಲ ಕೆಳಗೊಂದು ಟ್ರಂಕಿತ್ತು. ಹಿಂದಿನ ಕೋಣೆ ಹಿರಿಯ ಮಗ, ಅವನ ಹೆಂಡತಿ ಇಬ್ಬರದು. ಅವನದು ಜೆರಾಕ್ಸ್ ಅಂಗಡಿ. ನಡುಮನೆ ಲಿಫ್ಟ್ ರಿಪೇರಿ ಮಾಡುವ ಕಿರಿಯ ಮಗನದು. ನಡುಮನೆ ಹಿಂದೆ ಊಟದ ಮನೆಯಾಗಿತ್ತು. ಅಡುಗೆಮನೆಯಿಂದ ತಟ್ಟೆ ದಾಟಿಸಲು ಗೋಡೆಯಲ್ಲಿ ಬಿಟ್ಟಿದ್ದ ಕಿಂಡಿಗೆ ಈಗ ಒಂದು ಮರದ ಹಲಗೆ ಬಡಿದಿದ್ದರು. ಆ ಹಲಗೆ ಕಣ್ಣಿಗೆ ಅಡ್ಡವಾಗಿತ್ತು, ಕಿವಿಗೆ ಆಗಿರಲಿಲ್ಲ.

ಕಿರಿಯ ಸೊಸೆ ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದಳು. ಮನೆಯಲ್ಲೂ ಅವಳು ಟೀಚರಮ್ಮನೇ. ಮೊದಲು ಅವಳೂ ಇನ್ನಿಬ್ಬರು ಗೆಳತಿಯರೂ ಸೇರಿ ಮಕ್ಕಳಿಗೆ ಮೂರು ದನಿಯಲ್ಲಿ ಹಾಡು ಕಟ್ಟಿ ಹಾಡುತ್ತಿದ್ದರು. ಒಬ್ಬಳು ತಗ್ಗಿನ ದನಿ, ಒಬ್ಬಳು ನಡುವಿನದು, ಟೀಚರಮ್ಮ ಮೇಲಿನದು. ಗೆಳತಿಯರು ಒಬ್ಬೊಬ್ಬರಾಗಿ ಊರು ಬಿಟ್ಟರು. ಅದಾದ ಮೇಲೆ ಬಂತು ನೋಡಿ ಅದೃಷ್ಟ. ಮಕ್ಕಳ ಹಾಡುಗಳನ್ನು ಮಾಡಿ ಮಾರುವ ಕಂಪನಿಯವರೊಬ್ಬರು ಹಳೆಯ ಶಾಲಾ ವಾರ್ಷಿಕೋತ್ಸವದ ವಿಡಿಯೋ ನೋಡಿ ಫೋನ್ ಮಾಡಿದರು. ಮುಂದಿನ ತಿಂಗಳ ಕೊನೆಯೊಳಗೆ ಅದೇ ಥರದ ಮೂರು ಹಾಡು ಕಳಿಸಿ, ಹಿಡಿಸಿದರೆ ತಿಂಗಳು ತಿಂಗಳೂ ಕೆಲಸ ಕೊಡುತ್ತೇವೆ ಎಂದರು. ಗೆಳತಿಯರಿಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಮೂರು ದನಿಯನ್ನೂ ತಾನೇ ಹಾಡುತ್ತೇನೆಂದು ನಿಶ್ಚಯಿಸಿಕೊಂಡು, ಮೊದಲು ಹೋಗಿ ನಿಂತದ್ದು ಮಾವನ ಮುಂದೆ.

"ಮಾವ, ಮಹಡಿ ರೂಮು ಖಾಲಿನೇ ಇದೆಯಲ್ಲ. ಸಂಜೆ ಹೊತ್ತು ಹಾಡ್ಕೊಳ್ಳೋಕೆ ಕೊಡ್ತೀರಾ?"

ಮಾಸ್ತರು ಜೇಬು ಮುಟ್ಟಿಕೊಂಡರು. "ಅಯ್ಯೋ, ಅದನ್ನ ಕೇಳಬೇಕಾ ತಾಯಿ? ಅದು ನಿಂದೇ ಅಂತ ಇಟ್ಕೋ. ಸ್ವಲ್ಪ ಸಾಮಾನು ಸರಿಸಬೇಕು ಅಷ್ಟೆ. ಚಹಾ ಇದ್ರೆ ಒಂದು ಲೋಟ ಕೊಡು."

ಅವಳು ಚಹಾ ಕೊಟ್ಟಳು. ಅವತ್ತಿನಿಂದ ದಿನಾ ಕೊಟ್ಟಳು, ಸಕ್ಕರೆ ಒಂದು ಚಮಚ ಜಾಸ್ತಿಯೇ ಹಾಕಿ.

ಇನ್ನು ಹಾಡು ಹಿಡಿಯುವ ಯಂತ್ರ ಬೇಕಿತ್ತು. ಗಂಡ ಅಂದ, "ಫೋನಿದೆಯಲ್ಲ, ಅದ್ರಲ್ಲೇ ಹಾಡು."

"ಒಂದು ದನಿ ಹಾಡಿ, ಅದನ್ನ ಕೇಳ್ತಾ ಇನ್ನೊಂದು ಹಾಡ್ಬೇಕು, ಆಮೇಲೆ ಎರಡನ್ನೂ ಕೇಳ್ತಾ ಮೂರನೇದು. ನಿನ್ನೆ ಫೋನಲ್ಲಿ ಹಾಡ್ತಿದ್ದೆ, ಮಧ್ಯದಲ್ಲಿ ನಿಮ್ಮ ಚಿಕ್ಕಮ್ಮನ ಕಾಲ್ ಬಂತು. ಮಂಡಿನೋವಿನ ಕಥೆ ಕೇಳೋ ಹೊತ್ತಿಗೆ ಹಾಡೇ ಮರೆತುಹೋಯ್ತು."

"ಹಾಗಾದ್ರೆ ಅಣ್ಣನ ಅಂಗಡಿ ಕಂಪ್ಯೂಟರು?"

"ಅಲ್ಲಿ ಜನ ಅರ್ಜಿ ತುಂಬಿಸ್ಕೊಳ್ಳೋಕೆ ಸಾಲು ನಿಂತಿರ್ತಾರೆ. ಅವರ ಮುಂದೆ ಆನೆ ಮರಿ ಹಾಡು ಹಾಡಲಾ?"

ಹೀಗೆ ಅವಳು ಸೌಂಡ್ ಅಂಗಡಿಯವರ ಬೆನ್ನು ಬಿದ್ದಳು. ಸಭೆ ಸಮಾರಂಭಕ್ಕೆ ಮೈಕು ಬಾಡಿಗೆಗೆ ಕೊಡುವ ಅವರು ಹಳೆಯದು ಹೊಸದು ಮಾರುತ್ತಲೂ ಇದ್ದರು. ಸಂಜೆಯಾದರೆ ಫೋನಿನಲ್ಲಿ ಅವರ ಜೊತೆ ಇವಳ ಪಿಸುಮಾತು. "ನಾಲ್ಕು ಸಾಕಾಗುತ್ತಾ, ಎಂಟು ಬೇಕಾಗುತ್ತಾ? ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ. ಮನೇಲಿ ಇನ್ನೂ ಹೇಳಿಲ್ಲ." ಕೊನೆಯ ವಾಕ್ಯ ಗಂಡನ ಕಿವಿಗೆ ಬಿತ್ತು.

"ಏನನ್ನ ಮನೇಲಿ ಹೇಳಿಲ್ಲ?"

"ರೇಟನ್ನ."

"ಯಾರವನು?"

"ಅಯ್ಯೋ, ಮೈಕಿನವರು ರೀ. ತಲೆಯೆಲ್ಲ ನರೆತಿದೆ."

"ನರೆತ ತಲೆಯವರ ಮೇಲೂ ಒಂದು ಕಣ್ಣಿಡಬೇಕು," ಎಂದು ಅವನು ಭಾನುವಾರ ತಾನೇ ಜೊತೆಗೆ ಹೊರಟ, ಜೇಬಿನಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡು.

ಸೌಂಡ್ ಅಂಗಡಿಯವರು ಮೂರು ಯಂತ್ರ ಮುಂದಿಟ್ಟರು. ಒಂದು ಹೊಚ್ಚ ಹೊಸದು, ತಟ್ಟೆಯಷ್ಟು ಅಗಲ, ಸಾಲು ಸಾಲಾಗಿ ಬಟನ್ನು. ಅದರ ಬೆಲೆ ಕೇಳಿ ಗಂಡ ಹೆಂಡತಿ ಒಟ್ಟಿಗೇ ಕೆಮ್ಮಿದರು. ಎರಡನೆಯದು ಸೆಕೆಂಡ್ ಹ್ಯಾಂಡು, ಎಂಟು ಟ್ರ್ಯಾಕಿನದು. ಅಂದರೆ ಎಂಟು ದನಿಯನ್ನು ಬೇರೆ ಬೇರೆಯಾಗಿ ಹಿಡಿದಿಟ್ಟು ಕೊನೆಗೆ ಸೇರಿಸಬಹುದು. ಲಿಫ್ಟಿನವನು ಅದರ ಬೆನ್ನು ಬಿಚ್ಚಿ, ಮೂಗು ಹಿಡಿದುಕೊಂಡ.

"ಇದರೊಳಗೆ ಜಿರಳೆ ಸಂಸಾರ ಮಾಡಿದೆ ಸಾರ್. ಐದನೇ ಟ್ರ್ಯಾಕು ಕೊರ್ ಕೊರ್ ಅಂತಿದೆ."

"ಐದು ಬಿಟ್ಟು ಉಳಿದ ಏಳು ಚೆನ್ನಾಗಿದೆ," ಎಂದರು ಅಂಗಡಿಯವರು. "ನಿಮ್ಮ ಮನೆಯವರಿಗೆ ಬೇಕಾಗಿರೋದು ಮೂರೇ."

"ಇವತ್ತು ಐದು ಹೋಗಿದೆ, ನಾಳೆ ಆರು ಹೋಗುತ್ತೆ. ಲಿಫ್ಟಲ್ಲಿ ಒಂದು ಫ್ಲೋರು ನಿಲ್ಲಲ್ಲ ಅಂದ್ರೆ ನಾವು ಆ ಲಿಫ್ಟೇ ಹತ್ತಲ್ಲ."

ಮೂರನೆಯದು ಹೊಸದೇ, ಆದರೆ ಚಿಕ್ಕದು. ನಾಲ್ಕು ಟ್ರ್ಯಾಕು, ತಲೆಯಲ್ಲೇ ಮೈಕು, ಬ್ಯಾಟರಿ ಹಾಕಿದರೆ ಸಾಕು. ಬೆಲೆ ಕೈಗೆಟುಕುವಂತಿತ್ತು. ಟೀಚರಮ್ಮ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು. ಅಂಗಡಿಯವರು ಗಲ್ಲ ಕೆರೆದುಕೊಂಡರು.

"ಒಂದು ಮಾತು ಹೇಳ್ಬಿಡ್ತೀನಮ್ಮಾ, ಆಮೇಲೆ ಬೈಬೇಡಿ. ಇದರ ಮೈಕು ಸುತ್ತಮುತ್ತ ಎಲ್ಲಾ ಕಡೆಯದನ್ನೂ ಕೇಳಿಸ್ಕೊಳ್ಳುತ್ತೆ. ಪಕ್ಕದಲ್ಲಿ ಚಮಚ ಬಿದ್ರೂ ಹಿಡಿಯುತ್ತೆ. ಬೇರೆ ಮೈಕು ತಗೊಂಡ್ರೆ ಎದುರಿನದನ್ನ ಮಾತ್ರ ಹಿಡಿಯುತ್ತೆ, ಆದ್ರೆ ಅದರ ದುಡ್ಡು ಬೇರೆ."

"ಬೇಡ. ನನಗೆ ಬೇರೆ ರೂಮಿದೆ," ಎಂದಳು ಟೀಚರಮ್ಮ. ಹೇಳುವಾಗ ಅವಳ ಮುಖ ನೋಡಬೇಕಿತ್ತು. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ 'ನನಗೆ' ಎಂದು ಅವಳು ಹೇಳಿಕೊಂಡ ಮೊದಲ ಜಾಗ ಅದು. ಮೈಕಿನ ದುಡ್ಡಿನಲ್ಲಿ ಒಂದು ಒಳ್ಳೆಯ ಹೆಡ್‌ಫೋನ್ ತೆಗೆದುಕೊಂಡಳು, ಕಿವಿಯನ್ನು ಇಡಿಯಾಗಿ ಮುಚ್ಚುವಂಥದ್ದು.

ಯಂತ್ರ ಮನೆಗೆ ಬಂತು. ಕೋಣೆ ಬರಲಿಲ್ಲ.

"ಮುಂದಿನ ವಾರ ತಾಯಿ. ಆ ಮೇಜು ಎತ್ತೋಕೆ ಇಬ್ಬರು ಬೇಕು," ಎಂದರು ಮಾಸ್ತರು. ಮುಂದಿನ ವಾರ ಅವರ ಸೊಂಟ ಹಿಡಿದುಕೊಂಡಿತು. ಅದರ ಮುಂದಿನ ವಾರ ಬೀಗಕ್ಕೆ ತುಕ್ಕು ಹಿಡಿದಿದೆ, ಎಣ್ಣೆ ಬಿಡಬೇಕು ಎಂದರು. ಟೀಚರಮ್ಮ ಆಗಲೂ ಚಹಾ ಕೊಟ್ಟಳು. ಈ ನಡುವೆ ಓರಗಿತ್ತಿಯೂ ಮಾವನಿಗೆ ಚಹಾದ ಜೊತೆ ಬಿಸ್ಕತ್ತು ಕೊಡತೊಡಗಿದ್ದು ಅವಳ ಗಮನಕ್ಕೆ ಬಂತು. ಆ ಓರಗಿತ್ತಿ ಕಾರಣವಿಲ್ಲದೆ ಯಾರಿಗೂ ಬಿಸ್ಕತ್ತು ಕೊಟ್ಟವಳಲ್ಲ.

ಯಂತ್ರದ ವಿಷಯಕ್ಕೆ ಮನೆಯಲ್ಲಿ ಎದ್ದ ಗುಲ್ಲು ಮಾತ್ರ ಬೇರೆಯೇ. ಮೊದಲ ದಿನ ಊಟಕ್ಕೆ ಕೂತಾಗ ಹಿರಿಯ ಮಗ ಕೇಳಿದ, "ಅದೇನದು, ಮಾತಾಡಿದ್ದನ್ನೆಲ್ಲ ಹಿಡ್ಕೊಳ್ಳೋ ಡಬ್ಬಿ ತಂದಿದ್ದೀರಂತೆ?"

"ಹಾಡು ಹಿಡಿಯೋದು ಭಾವ."

"ಹಾಡಿಗೂ ಮಾತಿಗೂ ಅದಕ್ಕೇನು ಭೇದ ಗೊತ್ತಾಗುತ್ತಾ?"

"ಕೆಂಪು ದೀಪ ಉರಿದ್ರೆ ಮಾತ್ರ ಹಿಡಿಯುತ್ತೆ. ಈಗ ಬೀರುವಿನಲ್ಲಿದೆ."

"ಬೀರುವಿನೊಳಗೆ ದೀಪ ಉರಿಯೋದು ನಮಗೆ ಹೇಗೆ ಕಾಣಬೇಕು?" ಎಂದಳು ಓರಗಿತ್ತಿ. ಎಲ್ಲರೂ ಬೀರುವಿನ ಕಡೆ ನೋಡಿದರು. ಆಮೇಲೆ ಊಟದಲ್ಲಿ ಕೇಳಿಸಿದ್ದು ಅಗಿಯುವ ಸದ್ದೊಂದೇ.

ಅದೇ ವಾಡಿಕೆಯಾಗಿಬಿಟ್ಟಿತು. ಬೇಳೆಗೆ ಉಪ್ಪು ಕಮ್ಮಿಯಾದರೂ ಯಾರೂ ಬಾಯಿ ಬಿಡರು. ಹಿರಿಯ ಮಗನಂತೂ ಮೇಜಿನ ಮುಂದೆ ಸರ್ಕಾರಿ ಅಧಿಕಾರಿಯ ಹಾಗೆ ಮಾತಾಡತೊಡಗಿದ. "ದಯವಿಟ್ಟು ನೀರಿನ ಜಗ್ಗನ್ನು ಈ ಕಡೆ ಕೊಡಿ" ಎನ್ನುವನು. ಹಿಂದಿನ ಕೋಣೆಗೆ ಹೋಗಿ ಹೆಂಡತಿಗೆ, "ಇದೆಲ್ಲ ಮನೆ ಪಾಲಾಗೋ ದಿನಕ್ಕೆ ತಯಾರಿ ಕಣೇ. ನಾವು ಅಂದಿದ್ದನ್ನೆಲ್ಲ ಹಿಡಿದಿಟ್ಟು ವಕೀಲರ ಮುಂದೆ ಹಾಕ್ತಾಳೆ," ಎನ್ನುವನು. ಅತ್ತೆ ಎಲ್ಲರಿಗಿಂತ ಒಂದು ಕೈ ಮುಂದೆ. ಟೀಚರಮ್ಮ ಯಂತ್ರವನ್ನು ಹೊರಗೆ ಮರೆತು ಹೋದರೆ ಅದರ ಮೇಲೆ ಬೋಗುಣಿ ಬೋರಲು ಹಾಕುತ್ತಿದ್ದರು.

"ಅತ್ತೆ, ಬೋಗುಣಿ ಯಾಕೆ?"

"ಧೂಳು ಬೀಳುತ್ತೆ."

"ಬೋಗುಣಿ ಮೇಲೆ ಮತ್ತೆ ರುಬ್ಬೋ ಗುಂಡು ಯಾಕಿಟ್ಟಿದ್ದೀರಿ?"

"ಗಾಳಿ ಬರುತ್ತೆ," ಎಂದು ಅತ್ತೆ ಮುಖ ತಿರುಗಿಸಿಕೊಂಡು ಈರುಳ್ಳಿ ಹೆಚ್ಚಿದರು.

ತೀರಾ ಸೊರಗಿದ್ದು ಮಾತ್ರ ಮಾಸ್ತರು. ಸಿಕ್ಕವರಿಗೆಲ್ಲ ಆಸೆ ಹುಟ್ಟಿಸುವುದೇ ಅವರ ಕಸುಬಾಗಿತ್ತು. ಈಗ ಬಾಯಿಗೆ ಬೀಗ ಬಿದ್ದು, ಬರೀ ಜೇಬು ಮುಟ್ಟಿಕೊಂಡು ಕೂರುವಂತಾಯಿತು.

ಕಂಪನಿಯವರು ಹೇಳಿದ ತಿಂಗಳು ಮುಗಿಯುತ್ತ ಬಂತು. ಇನ್ನು ಕಾಯಲಾರದೆ ಟೀಚರಮ್ಮ ನಡುಮನೆಯಲ್ಲೇ ಹಾಡಲು ಕೂತಳು. ಯಂತ್ರವನ್ನು ಇಡಲು ಅವಳ ಎದೆಯ ಎತ್ತರಕ್ಕೆ ಸಿಕ್ಕಿದ್ದು ಕಿಂಡಿಯ ಕಟ್ಟೆಯೊಂದೇ. ಅಲ್ಲಿಟ್ಟು, ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ತಗ್ಗಿನ ದನಿ ಹಾಡಿದಳು. ಅದನ್ನು ಕಿವಿಯಲ್ಲಿ ಕೇಳುತ್ತ ನಡುವಿನದನ್ನು ಹಾಡಿದಳು. ಎರಡನ್ನೂ ಕೇಳುತ್ತ ಮೇಲಿನದನ್ನು ಹಿಡಿದಾಗ, ದೂರ ಹೋದ ಗೆಳತಿಯರಿಬ್ಬರೂ ಎರಡು ಪಕ್ಕ ನಿಂತಂತೆನಿಸಿ ಅವಳಿಗೆ ಖುಷಿಯಾಗಿ ಕಣ್ಣಲ್ಲಿ ನೀರು ಬಂತು.

ಮನೆಯವರು ಒಂದೆರಡು ದಿನ ಇದನ್ನು ನೋಡಿದರು. ಓರಗಿತ್ತಿ ಪರೀಕ್ಷೆಗೆಂದು ಬಾಗಿಲಲ್ಲಿ ನಿಂತು, "ಹಾಲು ಉಕ್ತಾ ಇದೆ!" ಎಂದು ಕೂಗಿದಳು. ಟೀಚರಮ್ಮ ಕಣ್ಣು ಬಿಡಲಿಲ್ಲ. ಓರಗಿತ್ತಿ ಇನ್ನೂ ಹತ್ತಿರ ಹೋಗಿ ಚಪ್ಪಾಳೆ ತಟ್ಟಿದಳು. ಊಹೂಂ.

"ಅವಳಿಗೆ ಏನೂ ಕೇಳಿಸಲ್ಲ!" ಎಂದು ಓರಗಿತ್ತಿ ಅಡುಗೆಮನೆಗೆ ಬಂದು ಸಾರಿದಳು. "ಕಿವಿಗೆ ಎರಡು ಬಟ್ಟಲು ಕವುಚಿಕೊಂಡಿದ್ದಾಳೆ. ಈಗ ಏನು ಬೇಕಾದ್ರೂ ಮಾತಾಡಬಹುದು."

ಆ ಮನೆಯವರು ಮಾತ್ರ ಮಾಡಬಲ್ಲ ಎಡವಟ್ಟು ಇದು. ಯಂತ್ರ ಆರಿಸಿ ಬೀರುವಿನಲ್ಲಿಟ್ಟಾಗ ತುಟಿ ಹೊಲಿದುಕೊಂಡು ಕೂತವರು, ಕೆಂಪು ದೀಪ ಉರಿಯುವ ಹೊತ್ತಿಗೇ ಕಿಂಡಿಯ ಹಿಂದೆ ಸೇರಿ ವಾರದ ಮಾತನ್ನೆಲ್ಲ ಬಿಚ್ಚತೊಡಗಿದರು. ಅವಳ ಕಿವಿ ಮುಚ್ಚಿದೆ ಎಂಬುದನ್ನು ನೋಡಿದರು. ಯಂತ್ರಕ್ಕೆ ಕಿವಿಯಿದೆ ಎಂದು ಅಷ್ಟು ದಿನ ಹೆದರಿದ್ದನ್ನು ಮರೆತೇಬಿಟ್ಟರು.

ಮೂರನೆಯ ಹಾಡು ಕಷ್ಟದ್ದು. ಮೇಲಿನ ದನಿ ಒಂದು ಕಡೆ ಗಾಳಿಪಟದ ಹಾಗೆ ಏರಬೇಕಿತ್ತು. ಪ್ರತಿ ಸಲವೂ ಅಲ್ಲಿಗೆ ಬಂದಾಗ ಗಂಟಲು ಕೈಕೊಡುತ್ತಿತ್ತು. ಅಳಿಸಿ ಹಾಡಿ, ಹಾಡಿ ಅಳಿಸಿ, ಒಂದು ಸಂಜೆ ಕೊನೆಗೂ ಅದು ತಾನಾಗಿ ಏರಿ, ಸದ್ದಿಲ್ಲದೆ ಕೆಳಗಿಳಿಯಿತು. ಅಂಥದ್ದು ಇನ್ನೊಮ್ಮೆ ಬರುವುದಿಲ್ಲ ಎಂದು ಅವಳಿಗೇ ಗೊತ್ತಾಯಿತು. ಮೂರೂ ದನಿ ಸೇರಿಸಿ ಕೇಳಿದಳು. ಯಾವ ಕುಂದೂ ಕಾಣಲಿಲ್ಲ. ಉಸಿರಿನ ಸದ್ದು ಎಲ್ಲಾದರೂ ಹೆಚ್ಚಾಗಿದೆಯೇ ನೋಡೋಣವೆಂದು ಮಿಕ್ಕ ಎರಡನ್ನು ನಿಲ್ಲಿಸಿ, ಮೂರನೆಯ ಟ್ರ್ಯಾಕೊಂದನ್ನೇ ಹಾಕಿದಳು.

ಹಾಡಿನ ಸಾಲು ಸಾಲುಗಳ ನಡುವೆ, ಅವಳು ಉಸಿರೆಳೆದುಕೊಂಡ ಕಡೆಯೆಲ್ಲ, ಮಾವ ಮಾತಾಡುತ್ತಿದ್ದರು.

"ರೂಮು ನಿಮಗೇ ಕಣಮ್ಮಾ. ಅವನ ಅಂಗಡಿ ಪೇಪರೆಲ್ಲ ಅಲ್ಲೇ ಇಟ್ಕೊಳ್ಳಿ."

"ಅವಳಿಗೆ ಕೊಡ್ತೀನಿ ಅಂದಿದ್ರಂತಲ್ಲ ಮಾವ?" ಇದು ಓರಗಿತ್ತಿ.

"ಅವಳಿಗೆ ಸುಮ್ನೆ ಬಾಯಿಮಾತಿಗೆ ಅಂದಿದ್ದು. ಹಾಡಿನ ಹುಚ್ಚು ನಾಲ್ಕು ದಿನ ಇರುತ್ತೆ, ಆಮೇಲೆ ಆ ಡಬ್ಬಿ ಅಟ್ಟ ಸೇರುತ್ತೆ. ಬಿಸ್ಕತ್ತು ಇನ್ನೊಂದಿದೆಯಾ?"

ಟೀಚರಮ್ಮ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಕಿವಿ ಬಿಸಿಯಾಗಿತ್ತು. ಕೊಡದಿದ್ದರೆ ಹೋಗಲಿ. ಆದರೆ ತಾನು ದಿನಾ ಚಹಾ ಹಿಡಿದು ನಿಂತಾಗ ಅವರು ಒಳಗೊಳಗೇ ನಗುತ್ತಿದ್ದರಲ್ಲ ಎಂದು ಅವಳ ಹೊಟ್ಟೆ ಉರಿಯಿತು. ಬೇರೆ ಮೈಕು ಬೇಡವೆಂದು ಬಿಟ್ಟದ್ದೂ ಅವರ ಮಾತು ನಂಬಿಯೇ. ಈಗ ಆ ಮಾತು ಸುಳ್ಳೆಂದು ಹೇಳಿದ್ದೂ ಆ ಅಗ್ಗದ ಮೈಕೇ.

ಗಂಡ ಕೆಲಸದಿಂದ ಬಂದಾಗ ಹೆಡ್‌ಫೋನನ್ನು ಅವನ ಕಿವಿಗಿಟ್ಟಳು. ಕೇಳುತ್ತ ಕೇಳುತ್ತ ಅವನ ಮುಖ ಅರಳಿತು.

"ಸಿಕ್ಕಿಬಿದ್ರು! ಭಾನುವಾರ ಊಟದ ಹೊತ್ತಿಗೆ ಎಲ್ಲರ ಮುಂದೆ ಹಾಕ್ಬಿಡು. ಅಣ್ಣ ಅತ್ತಿಗೆ ಮುಖ ಎಲ್ಲಿಟ್ಕೊಳ್ತಾರೋ ನೋಡೋಣ. ರೂಮು ನಮ್ಮದೇ."

"ಹಾಕಿದ್ರೆ, ಇದಕ್ಕೇ ಡಬ್ಬಿ ತಂದಿದ್ದು ಅಂತ ಅವರು ಹೇಳಿದ್ದೆಲ್ಲ ನಿಜ ಆಗುತ್ತೆ."

"ಆಗ್ಲಿ ಬಿಡು!"

"ನಾನು ಹಾಡೋಕೆ ತಂದಿದ್ದು ರೀ."

"ಹಾಗಾದ್ರೆ ಆ ಮಾತಷ್ಟನ್ನ ಅಳಿಸಿ ಹಾಡು ಉಳಿಸ್ಕೋ."

"ಒಂದೇ ಟ್ರ್ಯಾಕಲ್ಲಿ ಬೆರೆತು ಹೋಗಿದೆ. ಅವರ ಮಾತು ಅಳಿಸಿದ್ರೆ ನನ್ನ ದನಿನೂ ಹೋಗುತ್ತೆ. ಅಂಥ ದನಿ ಮತ್ತೆ ಬರಲ್ಲ."

ಗಂಡನಿಗೆ ಗುಟ್ಟು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮರುದಿನ ಅಣ್ಣನ ಮುಂದೆ ಶೀಟಿ ಹೊಡೆಯುತ್ತ, "ಕೆಲವರ ಬಂಡವಾಳ ಭಾನುವಾರ ಹೊರಗೆ ಬರುತ್ತೆ," ಎಂದ. ಅಣ್ಣ ಹೆಂಡತಿಯನ್ನು ಹುಬ್ಬೇರಿಸಿ ನೋಡಿದ. ಅವಳು ಹೋಗಿ ಮಾವನ ಕಿವಿಯಲ್ಲಿ ಏನೋ ಹೇಳಿದಳು. ಆ ದಿನ ಮಾಸ್ತರು ಚಹಾ ಅರ್ಧ ಲೋಟ ಬಿಟ್ಟರು.

ಭಾನುವಾರ ಬೆಳಿಗ್ಗೆ ಟೀಚರಮ್ಮ ಲೋಟ ತೊಳೆಯುತ್ತಿದ್ದಾಗ ಮಾಸ್ತರು ಮೆಲ್ಲನೆ ಬಂದು ಪಕ್ಕದಲ್ಲಿ ನಿಂತರು. ಜೇಬಿನಿಂದ ಬೀಗದ ಕೈ ತೆಗೆದು ಒದ್ದೆ ಲೋಟಗಳ ನಡುವೆ ಇಟ್ಟರು.

"ತಗೋ. ಯಾರಿಗೂ ಹೇಳ್ಬೇಡ. ಆ ಡಬ್ಬೀಲಿ ಇರೋದನ್ನ ಅಳಿಸ್ಬಿಡು."

"ರೂಮು ನಂಗೆ ಅಂತ ಎಲ್ಲರ ಎದುರಿಗೆ ಹೇಳ್ತೀರಾ ಮಾವ?"

"ಅದೆಲ್ಲ ಯಾಕೆ? ಕೀ ಕೊಟ್ಟೆನಲ್ಲ."

"ಭಾವ ಕೇಳಿದ್ರೆ?"

"ಕಳೆದುಹೋಗಿದೆ ಅಂತೀನಿ. ನೀನು ನಿಧಾನಕ್ಕೆ ಹೋಗಿ ಬಂದು ಮಾಡ್ತಿರು. ಯಾವಾಗ ಅಳಿಸ್ತೀಯಾ?"

ತಿಂಗಳಿಡೀ ಬೇಡಿದ ಬೀಗದ ಕೈ ಕಣ್ಣೆದುರಿಗಿತ್ತು. ಅವಳಿಗೆ ಸಂತೋಷವಾಗಲಿಲ್ಲ, ಅವಮಾನವಾಯಿತು. ಪ್ರೀತಿಯಿಂದ ಕೇಳಿದಾಗ ಕೊಡದವರು ಹೆದರಿ ಕೊಟ್ಟಿದ್ದರು. ಇದನ್ನು ತೆಗೆದುಕೊಂಡರೆ ಇನ್ನು ಆಯುಷ್ಯಪೂರ್ತಿ ಅವರು ತನ್ನನ್ನು ಕಳ್ಳಿಯಂತೆ ನೋಡುತ್ತಾರೆ, ತಾನೂ ಕಳ್ಳಿಯ ಹಾಗೆ ಮಹಡಿ ಹತ್ತಬೇಕು. ಕೈ ಒರೆಸಿಕೊಂಡು ಬೀಗದ ಕೈಯನ್ನು ಎತ್ತಿಕೊಂಡಳು.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತರು. ಅತ್ತೆ ಎಂದಿನಂತೆ ಬಡಿಸಲು ನಿಂತಿದ್ದರು. ಓರಗಿತ್ತಿಯ ಕಣ್ಣು ನೆಟ್ಟಗೆ ಮಾವನ ಜೇಬಿಗೆ ಹೋಯಿತು.

"ಮಾವ, ಜೇಬು ಚಪ್ಪಟೆಯಾಗಿದೆ. ಕೀ ಎಲ್ಲಿ?"

"ಇಲ್ಲೇ ಎಲ್ಲೋ..."

"ಇಲ್ಲಿದೆ ಅಕ್ಕ," ಎಂದು ಟೀಚರಮ್ಮ ಬೀಗದ ಕೈಯನ್ನು ಮೇಜಿನ ನಡುವೆ ಇಟ್ಟಳು. ಪಕ್ಕದಲ್ಲಿ ರೆಕಾರ್ಡರ್ ಇಟ್ಟಳು. ಅನ್ನದ ಪಾತ್ರೆಯನ್ನು ಯಾರೋ ಆಚೆ ಸರಿಸಿದರು.

"ನೋಡಿದ್ರಾ!" ಎಂದು ಹಿರಿಯ ಮಗ ಎದ್ದು ನಿಂತ. "ಒಳಗೊಳಗೇ ಕೀ ಹೊಡೆದಿದ್ದಾರೆ. ಅಪ್ಪನ್ನ ಹೆದರಿಸಿದ್ದಾರೆ!"

"ಕೂತ್ಕೊಳ್ಳೋ," ಎಂದ ತಮ್ಮ. "ಹಾಕೇ ಅದನ್ನ. ಹಾಕು, ಹಾಕು!"

"ಹಾಕಲ್ಲ," ಎಂದಳು ಟೀಚರಮ್ಮ. "ಮೂರನೇ ಹಾಡು ಹಾಡುವಾಗ ಅಡುಗೆಮನೆ ಮಾತು ಇದರಲ್ಲಿ ಸೇರ್ಕೊಂಡಿದೆ. ನಾನು ಬೇಕು ಅಂತ ಹಿಡಿದಿದ್ದಲ್ಲ. ನನ್ನ ಕಿವಿ ಮುಚ್ಚಿತ್ತು, ಇದರ ಕಿವಿ ತೆರೆದಿತ್ತು. ಈಗ ಎಲ್ಲರೂ ನೋಡ್ತಿರಿ."

ಚಿಕ್ಕ ಪರದೆಯ ಮೇಲೆ ಮೂರನೆಯ ಟ್ರ್ಯಾಕನ್ನು ಆಯ್ದುಕೊಂಡಳು. ಅಳಿಸಲೇ ಎಂದು ಯಂತ್ರ ಕೇಳಿತು. ಗಂಡ, "ಅಯ್ಯೋ, ಬೇಡ ಕಣೇ!" ಎಂದು ಕೈ ಚಾಚುವಷ್ಟರಲ್ಲಿ ಅವಳು ಬಟನ್ ಒತ್ತಿದ್ದಳು. ಗಾಳಿಪಟದ ಹಾಗೆ ಏರಿದ್ದ ಆ ದನಿ ಅಷ್ಟು ಸುಲಭವಾಗಿ ಹೋಯಿತು. ಮಾಸ್ತರು ನೀಳವಾಗಿ ಉಸಿರುಬಿಟ್ಟು ಬೀಗದ ಕೈಯತ್ತ ಕೈ ಚಾಚಿದರು.

"ಇರಿ ಮಾವ." ಅವಳು ಇನ್ನೊಂದು ಬಟನ್ ಒತ್ತಿದಳು. ಕೆಂಪು ದೀಪ ಹತ್ತಿಕೊಂಡಿತು. "ಈಗ ಇದು ಕೇಳಿಸ್ಕೊಳ್ತಾ ಇದೆ. ಎಲ್ಲರಿಗೂ ಗೊತ್ತಿದ್ದೇ ಕೇಳಿಸ್ಕೊಳ್ತಾ ಇದೆ. ರೂಮು ಯಾರಿಗೆ, ಬಾಯಿಬಿಟ್ಟು ಹೇಳಿ. ಯಾರಿಗೇ ಅಂದ್ರೂ ನಾನು ಇನ್ನೊಂದು ಮಾತಾಡಲ್ಲ."

"ಮೊದ್ಲು ಅದನ್ನ ಆಫ್ ಮಾಡು."

"ಆಫ್ ಇದ್ದಾಗ ನೀವು ಹೇಳಿದ್ದನ್ನೆಲ್ಲ ಕೇಳಿದೀವಿ ಮಾವ."

ಮಾಸ್ತರು ದೀಪವನ್ನು ನೋಡಿದರು, ಮಕ್ಕಳನ್ನು ನೋಡಿದರು. ಚಾಚಿದ ಕೈ ಹಾಗೇ ಮೇಜಿನ ಮೇಲೆ ಉಳಿಯಿತು.

"ಇಬ್ಬರಿಗೂ ಹೇಳಿದ್ದು ನಿಜ," ಎಂದರು ಕೊನೆಗೆ. "ಏನು ಮಾಡ್ಲಿ? ಆ ಕೀ ಜೇಬಲ್ಲಿರೋ ತನಕ ಚಹಾ ಬಿಸಿಯಾಗಿ ಬರುತ್ತೆ. 'ಮಾವ, ಊಟ ಆಯ್ತಾ' ಅಂತ ಕೇಳ್ತೀರಿ. ಕೊಟ್ಬಿಟ್ಟ ಮೇಲೆ ಯಾರು ಕೇಳ್ತಾರೆ ನನ್ನ? ಅಂಗಡೀಲೂ ಕತ್ತರಿ ಕೆಳಗಿಟ್ಟ ಮಾರನೇ ದಿನ ನನ್ನ ಸ್ಟೂಲು ಬೇರೆಯವನಿಗೆ ಕೊಟ್ರು." ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು. "ಆಗ್ಲಿ. ಮೊದ್ಲು ಹೇಳಿದ್ದು ಟೀಚರಮ್ಮಂಗೆ. ಅವಳೇ ತಗೊಳ್ಲಿ."

"ಅದ್ಹೇಗೆ ಮೊದ್ಲು?" ಹಿರಿಯ ಮಗ ಮೇಜು ಗುದ್ದಿದ. "ಅಂಗಡಿ ಹಾಕಿದ ವರ್ಷ ನಂಗೆ ಹೇಳಿದ್ರಿ! ಆಗ ಇವನಿಗೆ ಮದುವೇನೇ ಆಗಿರ್ಲಿಲ್ಲ!"

"ಆಮೇಲೆ ಐದು ವರ್ಷ ಬಾಯೇ ಬಿಡ್ಲಿಲ್ಲ ನೀನು!" ಎಂದ ತಮ್ಮ.

"ನೀನು ಸುಮ್ನಿರೋ! ನಿನ್ನ ಹೆಂಡ್ತಿ ಚಹಾ ಕೊಟ್ಟು ಕೊಟ್ಟು..."

"ನಿನ್ನ ಹೆಂಡ್ತಿ ಬಿಸ್ಕತ್ತು ಕೊಟ್ಟಿಲ್ವಾ?"

ತಿಂಗಳಿಂದ ಊಟದ ಮೇಜಿನ ಮುಂದೆ ಮುಚ್ಚಿದ್ದ ಬಾಯಿಗಳೆಲ್ಲ ಒಮ್ಮೆಲೇ ತೆರೆದುಕೊಂಡವು. ಆ ಗದ್ದಲದ ನಡುವೆ ಠಣ್ ಎಂದು ಸದ್ದಾಯಿತು. ಅತ್ತೆ ಸೌಟನ್ನು ಬೇಳೆಯ ಪಾತ್ರೆಯೊಳಗೆ ಬಿಟ್ಟಿದ್ದರು.

"ಮೊದ್ಲು ಹೇಳಿದ್ದು ನಂಗೆ."

ಎಲ್ಲರೂ ತಿರುಗಿ ನೋಡಿದರು. ಅತ್ತೆ ಗಂಡನ ಮುಖ ನೋಡುತ್ತಿದ್ದರು.

"ಆ ರೂಮು ಕಟ್ಟಿಸೋವಾಗ, ಇಟ್ಟಿಗೆಗೆ ನೀರು ಹಾಕಿದ್ದು ನಾನು. 'ಇದು ನಿಂಗೇ ಕಣೇ, ಕೆಲಸ ಮುಗಿಸಿ ಮಧ್ಯಾಹ್ನ ಬಾಗಿಲು ಹಾಕ್ಕೊಂಡು ಒಂದು ಗಂಟೆ ಮಲ್ಕೋ' ಅಂದ್ರಿ. ನೆನಪಿದೆಯಾ? ಬಾಗಿಲು ಕೂರಿಸಿದ ವಾರ ನಿಮ್ಮ ಮೇಜು ಮೇಲೆ ಹೋಯ್ತು. ಬಟ್ಟೆ ಕತ್ತರಿಸೋದು ಮುಗೀಲಿ ಅಂದ್ರಿ. ಮಕ್ಕಳು ಹುಟ್ಟಿದ್ರು, ಓದಿದ್ರು, ಮದುವೆ ಆಯ್ತು. ನಾನು ಇವತ್ತಿಗೂ ಹಜಾರದಲ್ಲಿ ಹಾಸಿಗೆ ಸುತ್ತಿಡ್ತಾನೇ ಇದ್ದೀನಿ. ಚಹಾ ಕೊಡ್ಲಿಲ್ವಾ ನಾನು ನಿಮ್ಗೆ?"

ಮಾಸ್ತರು ತಲೆ ತಗ್ಗಿಸಿದರು. ಹಿರಿಯ ಮಗ ಕೂತ. ಕಿರಿಯವನಿಗೆ ಕೈಯಲ್ಲಿದ್ದ ತುತ್ತನ್ನು ಬಾಯಿಗಿಡುವುದೋ ತಟ್ಟೆಗಿಡುವುದೋ ತಿಳಿಯಲಿಲ್ಲ. ತಾಯಿಗೆ ಒಂದು ಬಾಗಿಲು ಬೇಕಾಗಿರಬಹುದೆಂದು ಆ ಮನೆಯಲ್ಲಿ ಯಾರಿಗೂ ಒಂದು ದಿನವೂ ಹೊಳೆದಿರಲಿಲ್ಲ. ಟೀಚರಮ್ಮನಿಗೂ ಹೊಳೆದಿರಲಿಲ್ಲ.

ಅತ್ತೆ ಒದ್ದೆ ಕೈ ಒರೆಸಿಕೊಂಡು ಬಂದು, ಮೇಜಿನ ನಡುವಿನಿಂದ ಬೀಗದ ಕೈ ಎತ್ತಿಕೊಂಡರು.

"ಮಧ್ಯಾಹ್ನ ನಂದು. ಸಂಜೆ ಇವಳು ಹಾಡ್ಲಿ."

"ನನ್ನ ಪೇಪರು?" ಎಂದ ಹಿರಿಯ ಮಗ, ಮೆಲ್ಲಗೆ.

"ನನ್ನ ಟ್ರಂಕು ಮೇಲೆ ಹೋಗುತ್ತೆ. ಮೆಟ್ಟಿಲ ಕೆಳಗೆ ನೀನು ಇಟ್ಕೋ. ಊಟ ಆದ್ಮೇಲೆ ಅಣ್ಣ ತಮ್ಮ ಇಬ್ಬರೂ ಸೇರಿ ಆ ಕಟಿಂಗ್ ಮೇಜು ಕೆಳಗಿಳಿಸಿ." ಆಮೇಲೆ ಗಂಡನ ಕಡೆ ತಿರುಗಿ, "ನಿಮ್ಮ ಚಹಾ ಎಂದಿನ ಹಾಗೇ ಬರುತ್ತೆ. ಕೀ ನೋಡಿ ನಾನೆಂದೂ ಕೊಟ್ಟಿಲ್ಲ," ಎಂದರು.

ಮಾಸ್ತರು ಜೇಬು ಮುಟ್ಟಿಕೊಳ್ಳಲು ಹೋಗಿ ಕೈ ಹಿಂತೆಗೆದರು. ಓರಗಿತ್ತಿ ಎದ್ದು ಹೋಗಿ ಪಾತ್ರೆಯೊಳಗಿಂದ ಸೌಟು ತೆಗೆದು, ಆ ಮನೆಗೆ ಬಂದಮೇಲೆ ಮೊದಲ ಸಲ, "ನೀವು ಕೂತ್ಕೊಳ್ಳಿ ಅತ್ತೆ, ನಾನು ಬಡಿಸ್ತೀನಿ," ಎಂದಳು.

ಟೀಚರಮ್ಮ ರೆಕಾರ್ಡರ್ ನಿಲ್ಲಿಸಲು ಕೈ ಚಾಚಿದಳು. ಅತ್ತೆ ಬಗ್ಗಿ ಕೆಂಪು ದೀಪವನ್ನು ಹತ್ತಿರದಿಂದ ನೋಡಿದರು. ಇಷ್ಟು ದಿನ ಬೋಗುಣಿ ಮುಚ್ಚುವಾಗ ನೋಡುತ್ತಿದ್ದ ಅದೇ ಅನುಮಾನದ ಕಣ್ಣು.

"ನಾನು ಹೇಳಿದ್ದೆಲ್ಲ ಹಿಡ್ಕೊಂಡಿದೆಯಾ ಇದು?"

"ಹಿಡ್ಕೊಂಡಿದೆ ಅತ್ತೆ."

"ಪೂರ್ತಿ?"

"ಪೂರ್ತಿ. ಸೌಟಿನ ಸದ್ದೂ ಸೇರಿ."

ಅತ್ತೆ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದುಕೊಂಡು ಸೊಸೆಯ ಪಕ್ಕದ ಕುರ್ಚಿಯಲ್ಲಿ ಕೂತರು.

"ಇದನ್ನ ಮಾತ್ರ ಅಳಿಸ್ಬೇಡ."